ಗೋಡೆಯ ಮೇಲಿನ ಆಯತ್: ಫ್ರೇಮ್ ಚೆಂದ ಇದ್ದರೆ ಸಾಲದು

ನಮ್ಮ ಬ್ಯಾರಿ ಮನೆಗಳ ಚಾವಡಿಯಲ್ಲಿ ಒಂದು ಆಯತುಲ್ ಕುರ್ಸಿಯೋ, ಮಕ್ಕಾ-ಮದೀನದ ಚಿತ್ರವೋ ತೂಗುತ್ತಿರುವುದು ಸಾಮಾನ್ಯ. ಹಜ್ಜಿಗೆ ಹೋದವರು ಸುರುಳಿ ಸುತ್ತಿ ತಂದದ್ದು, ದುಬೈಯಲ್ಲೋ ಜುಬೈಲ್‌ನಲ್ಲೋ ದುಡಿಯುವ ಮಗ ಕಳಿಸಿದ್ದು, ತೀರಿಹೋದ ಉಪ್ಪ ಹೊಸ ಮನೆ ಕಟ್ಟಿದಾಗ ಆಸೆಪಟ್ಟು ಹಾಕಿಸಿದ್ದು. ಕಾಗದಕ್ಕೆ ನೂರಿನ್ನೂರು ರೂಪಾಯಿ ಇರಬಹುದು. ಅದರ ಹಿಂದಿರುವ ನೆನಪಿಗೆ ಬೆಲೆ ಕಟ್ಟುವವರು ಯಾರು?

ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ, ನಡುವೆ ಬೂಷ್ಟಿನ ಚುಕ್ಕಿ ಬೀಳುತ್ತದೆ, ಕಾಗದ ಉಬ್ಬಿ ಗಾಜಿಗೆ ಅಂಟಿಕೊಳ್ಳುತ್ತದೆ. "ಹಳೇದಾಯ್ತಲ್ಲ" ಅಂತ ನಾವು ಸುಮ್ಮನಾಗುತ್ತೇವೆ. ಆದರೆ ತಪ್ಪು ಪ್ರಾಯದ್ದಲ್ಲ, ಹೆಚ್ಚಿನ ಸಲ ಅದು ಫ್ರೇಮಿನ ಒಳಗೇ ಇರುತ್ತದೆ.

ಹಾಳು ಮಾಡುವುದು ಯಾವುದು?

ಅಗ್ಗದ ಫ್ರೇಮ್‌ನಲ್ಲಿ ಚಿತ್ರವನ್ನು ನೇರ ಗಾಜಿಗೆ ತಾಗಿಸಿ, ಹಿಂದೆ ಹಾರ್ಡ್‌ಬೋರ್ಡ್ ಅಥವಾ ಪ್ಲೈವುಡ್ ಇಟ್ಟು ಮೊಳೆ ಹೊಡೆಯುತ್ತಾರೆ. ಮರದಲ್ಲಿ ಆಮ್ಲದ ಅಂಶವಿದೆ. ಅದು ನಿಧಾನಕ್ಕೆ ಕಾಗದಕ್ಕೆ ಇಳಿದು ಹಳದಿ ಮಾಡುತ್ತದೆ, ಕೊನೆಗೆ ಮುಟ್ಟಿದರೆ ಮುರಿಯುವ ಹಾಗೆ ಮಾಡುತ್ತದೆ. ಸೆಲ್ಲೋಟೇಪಿನ ಅಂಟು ಕಾಗದದೊಳಗೆ ಇಳಿದು ಬಿಡಿಸಲಾಗದ ಕಲೆಯಾಗುತ್ತದೆ. ಮನೆಯಲ್ಲೇ ಮಾಡಿದ ಮೈದಾ ಅಂಟು ಹುಳಗಳಿಗೆ ಊಟ. ಇನ್ನು ಮಳೆಗಾಲದಲ್ಲಿ ಗಾಜಿನ ಒಳಮೈ ಬೆವರಿದರೆ ಆ ನೀರು ಸೀದಾ ಚಿತ್ರಕ್ಕೇ.

ಲ್ಯಾಮಿನೇಷನ್ ಮಾಡಿಸಿದರೆ ಭದ್ರ ಅನ್ನುವವರಿದ್ದಾರೆ. ಬಿಸಿ ಪ್ಲಾಸ್ಟಿಕ್ ಒಮ್ಮೆ ಅಂಟಿದರೆ ಕಾಗದಕ್ಕೆ ಹಾನಿಯಾಗದೆ ಅದನ್ನು ಬಿಡಿಸುವುದು ಕಷ್ಟ. ಇರುವುದು ಒಂದೇ ಪ್ರತಿಯಾದರೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಅಂಗಡಿಯವರಲ್ಲಿ ಏನು ಕೇಳಬೇಕು?

ಮೊದಲನೆಯದು, 'ಆ್ಯಸಿಡ್ ಫ್ರೀ' ಮೌಂಟ್ ಬೋರ್ಡ್. ಚಿತ್ರದ ಮುಂದೆ ಕಿಟಕಿಯಂತೆ ಕತ್ತರಿಸಿದ ಒಂದು, ಹಿಂದೆ ಇನ್ನೊಂದು. ಮುಂದಿನ ಬೋರ್ಡಿನ ದಪ್ಪದಿಂದಾಗಿ ಗಾಜಿಗೂ ಕಾಗದಕ್ಕೂ ನಡುವೆ ಗಾಳಿಯಾಡಲು ಜಾಗ ಸಿಗುತ್ತದೆ. ಮನೆಯಲ್ಲಿ ಈಗಾಗಲೇ ಮೌಂಟ್ ಇರುವ ಫ್ರೇಮ್ ಇದ್ದರೆ ಕಿಟಕಿಯ ಕತ್ತರಿಸಿದ ಅಂಚನ್ನು ನೋಡಿ. ಬಿಳಿ ಇದ್ದದ್ದು ಕಂದಾಗಿದ್ದರೆ ಆ ಬೋರ್ಡನ್ನು ಈಗಲೇ ಬದಲಿಸಬೇಕು.

ಎರಡನೆಯದು, ಚಿತ್ರವನ್ನು ಪೂರ್ತಿ ಅಂಟಿಸಬಾರದು. ಕಾಗದ ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ನಾಲ್ಕೂ ಕಡೆ ಅಂಟಿಸಿದರೆ ಸುಕ್ಕು ಖಂಡಿತ. ವಸ್ತುಸಂಗ್ರಹಾಲಯಗಳಲ್ಲಿ ಮೇಲಂಚಿಗೆ ಮಾತ್ರ ಎರಡು ತುಂಡು ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಲ್ಲಿ ಹಚ್ಚಿ ತೂಗುಬಿಡುತ್ತಾರೆ. ನಮಗೆ ಅದಕ್ಕಿಂತ ಸುಲಭ ದಾರಿ ಪಾರದರ್ಶಕ ಪಾಲಿಯೆಸ್ಟರ್ ಮೂಲೆಗಳು. ಅವು ಚಿತ್ರದ ಮೂಲೆಯನ್ನು ಹಿಡಿದುಕೊಳ್ಳುತ್ತವೆ, ಅಂಟು ಚಿತ್ರವನ್ನು ಮುಟ್ಟುವುದೇ ಇಲ್ಲ.

ಮೂರನೆಯದು, ಹಿಂಬದಿಯ ಸಂದಿಗಳನ್ನು ಕಾಗದದ ಟೇಪಿನಿಂದ ಮುಚ್ಚಿಸಿ. ಧೂಳು, ಬೆಳ್ಳಿಹುಳು ಒಳಗೆ ಬರುವುದಿಲ್ಲ. ಈ ಕೆಲಸವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿಸಬೇಡಿ. ಮಳೆಗಾಲದ ತೇವವನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ. ಜನವರಿಯ ಒಣ ಹವೆ ಒಳ್ಳೆಯದು.

ಎಲ್ಲಿ ತೂಗುಹಾಕಬೇಕು?

ಮಳೆ ಬಡಿಯುವ ಹೊರಗೋಡೆ ಬೇಡ, ಕೆಂಪುಕಲ್ಲು ನೀರು ಹೀರುತ್ತದೆ. ಒಳಗೋಡೆಯೇ ಸರಿ. ಫ್ರೇಮಿನ ಕೆಳಮೂಲೆಗಳ ಹಿಂದೆ ಎರಡು ರಬ್ಬರ್ ಬಿರಡೆ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಓಡಾಡುತ್ತದೆ. ಕಿಟಕಿಯ ಬಿಸಿಲು ಬೀಳಬಾರದು. ಕಾಗದದ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಸುಮಾರು 50 ಲಕ್ಸ್ ಬೆಳಕನ್ನಷ್ಟೇ ಬಿಡುತ್ತವೆ, ಅಂದರೆ ಮಂದ ಬೆಳಕು. ಬಣ್ಣ ಒಮ್ಮೆ ಮಾಸಿದರೆ ಮತ್ತೆ ಬರುವುದಿಲ್ಲ. ಊದುಬತ್ತಿ, ಲೋಬಾನದ ಹೊಗೆ ಚಿತ್ರದ ಕೆಳಗೇ ಏಳದಿರಲಿ. ಒರೆಸುವಾಗ ಗಾಜಿಗೆ ನೀರು ಚಿಮುಕಿಸದೆ ಬಟ್ಟೆಯನ್ನು ತೇವ ಮಾಡಿಕೊಂಡು ಒರೆಸಿ.

ಗಾಜಿಗೆ ಅಂಟಿಹೋದ ಹಳೆಯ ಫೋಟೋ ಇದ್ದರೆ ಎಳೆಯಬೇಡಿ, ಬಣ್ಣದ ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಗೋಡೆಗೆ ಹಾಕಿ, ಮೂಲವನ್ನು ಹಾಗೆಯೇ ಒಣ ಜಾಗದಲ್ಲಿಡಿ.

ಕೈಮೀರಿ ಹಾಳಾದರೆ?

"ಉಸ್ತಾದರೇ, ಇದನ್ನು ಏನು ಮಾಡುವುದು?" ಅಂತ ಹರಿದ ಆಯತ್‌ಗಳನ್ನು ಮದ್ರಸಕ್ಕೆ ತರುವವರು ಹಲವರು. ಕಸದ ಗಾಡಿಗೆ ಹಾಕಲಾಗದು ಅಂತ ಎಲ್ಲರಿಗೂ ಗೊತ್ತು. ಆದರೂ ಫ್ರೇಮ್ ಗುಜರಿಗೆ ಹೋಗುವಾಗ ಒಳಗಿನ ಕಾಗದವನ್ನು ತೆಗೆಯಲು ಮರೆಯುವವರಿದ್ದಾರೆ. ಕಾಲು ತುಳಿಯದ ಶುದ್ಧ ಜಾಗದಲ್ಲಿ ಬಟ್ಟೆ ಸುತ್ತಿ ಹೂಳಬಹುದು. ಅಗೌರವ ಆಗದಿರಲೆಂಬ ಉದ್ದೇಶದಿಂದ ಸುಡುವುದಕ್ಕೂ ಖಲೀಫ ಉಸ್ಮಾನ್ (ರ) ಅವರ ಕಾಲದ ಮಾದರಿಯಿದೆ. ಸಂಶಯವಿದ್ದರೆ ನಿಮ್ಮ ಜಮಾಅತಿನ ಖತೀಬರಲ್ಲಿ ಕೇಳಿ.

ಮಾಡುವ ಕೆಲಸವನ್ನು ಚೆನ್ನಾಗಿ ಮಾಡು ಅನ್ನುವುದೇ ಇಹ್ಸಾನ್. ಬಂಗಾರದ ಬಣ್ಣದ ಫ್ರೇಮಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪವನ್ನು ಕಣ್ಣಿಗೆ ಕಾಣದ ಒಳಗಿನ ಬೋರ್ಡಿಗೆ ಕೊಡೋಣ. ಉಪ್ಪ ತೂಗುಹಾಕಿದ್ದನ್ನು ಮೊಮ್ಮಕ್ಕಳೂ ಓದುವಂತಾಗಲಿ. ಅದು ನಮ್ಮ ಕೈಯಲ್ಲಿರುವ ಅಮಾನತ್.