ಹಳೆಯ ಟ್ರ್ಯಾಕ್ಟರಿನ ಗೇರ್ ಬಾಕ್ಸ್: ಮತ್ತೆ ಜೋಡಿಸುವ ಮುನ್ನ

ಬಾಗಲೂರು, ಯಲಹಂಕ, ದೇವನಹಳ್ಳಿ ಸುತ್ತಮುತ್ತ ಬಡಾವಣೆಗಳು ಎಷ್ಟೇ ಎದ್ದಿದ್ದರೂ, ರಾಗಿ ಹೊಲಗಳು ಉಳಿದಿರುವ ಕಡೆ ಹಳೆಯ ಟ್ರ್ಯಾಕ್ಟರುಗಳು ಇನ್ನೂ ದುಡಿಯುತ್ತಿವೆ. ಮಳೆ ಬಿದ್ದು ಭೂಮಿ ಹದಕ್ಕೆ ಬಂದಾಗ ಉಳುಮೆಗೆ ಸಿಗುವುದು ಕೆಲವೇ ದಿನ. ಆ ಹೊತ್ತಿನಲ್ಲಿ ಗೇರ್ ಬಾಕ್ಸ್ ಕೈಕೊಟ್ಟರೆ ಬಿತ್ತನೆಯೇ ತಡವಾಗುತ್ತದೆ. ಆದ್ದರಿಂದ ಬಿಚ್ಚಿದ ಗೇರ್ ಬಾಕ್ಸನ್ನು ಮತ್ತೆ ಜೋಡಿಸುವ ಮುನ್ನ ಏನೇನು ಪರೀಕ್ಷಿಸಬೇಕು ಎಂಬುದನ್ನು ರೈತರು ತಿಳಿದಿರುವುದು ಒಳ್ಳೆಯದು. ಕೆಲಸ ಮೆಕ್ಯಾನಿಕ್ಕರದೇ ಆದರೂ ಪಕ್ಕದಲ್ಲಿ ನಿಂತು ನೋಡುವ ಕಣ್ಣು ಮಾಲೀಕನದಾಗಿರಬೇಕು.

ಸಾಮಾನ್ಯ ಟ್ರ್ಯಾಕ್ಟರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿಸ್ ಇರುವುದಿಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್, ಇವೆಲ್ಲ ಒಂದಕ್ಕೊಂದು ಬೋಲ್ಟಿನಿಂದ ಸೇರಿ ಅದರ ಬೆನ್ನೆಲುಬಾಗಿವೆ. ಗೇರ್ ಬಾಕ್ಸ್ ತೆಗೆಯುವುದೆಂದರೆ ಟ್ರ್ಯಾಕ್ಟರನ್ನೇ ಎರಡಾಗಿ ಬಿಡಿಸಿದಂತೆ. ಒಂದು ಸಣ್ಣ ತಪ್ಪು ಉಳಿದರೂ ಇಡೀ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ. ಮುರಿದ ಭಾಗವನ್ನು ಬದಲಾಯಿಸಿದರೆ ಅರ್ಧ ಕೆಲಸವಾಯಿತು. ಅದು ಏಕೆ ಮುರಿಯಿತು ಎಂದು ಕಂಡುಹಿಡಿದರೆ ಮಾತ್ರ ಕೆಲಸ ಪೂರ್ತಿಯಾಗುತ್ತದೆ.

ಬಿಡಿಸುವ ಮುನ್ನ ಮುಂದಿನ ಆಕ್ಸಲ್ ಅತ್ತಿತ್ತ ವಾಲದಂತೆ ಎರಡೂ ಕಡೆ ಮರದ ಬೆಣೆ ಹೊಡೆಯಬೇಕು. ಜಾಕಿಯೊಂದನ್ನೇ ನಂಬದೆ ಗಟ್ಟಿ ಮರದ ದಿಮ್ಮಿಗಳ ಆಸರೆ ಕೊಡಬೇಕು. ಇದನ್ನು ಮರೆತರೆ ಆಗುವುದು ಪ್ರಾಣಾಪಾಯ.

ಎಣ್ಣೆ ಹೇಳುವ ಮಾತು

ಎಣ್ಣೆ ಸ್ವಲ್ಪ ಬಿಸಿ ಇರುವಾಗಲೇ ಶುಭ್ರವಾದ ಬಾಣಲೆಗೆ ಇಳಿಸಿ. ತಳದಲ್ಲಿ ಬೂದು ಬಣ್ಣದ ನುಣ್ಣನೆಯ ರಾಡಿ ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು, ತೆಳುವಾದ ಹಳುಕು ಸಿಕ್ಕಿದರೆ ಗೇರಿನ ಹಲ್ಲೋ ಬೇರಿಂಗೋ ಒಡೆದಿದೆ ಎಂದರ್ಥ. ಅಯಸ್ಕಾಂತಕ್ಕೆ ಅಂಟದ ಹಳದಿ ಕಣಗಳು ಬುಷ್ ಅಥವಾ ವಾಷರ್ ಸವೆದಿರುವುದರ ಗುರುತು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಚೂರು ಎಲ್ಲಿಂದ ಬಂತೆಂದು ತಿಳಿಯುವವರೆಗೂ ಪೆಟ್ಟಿಗೆಯನ್ನು ಮುಚ್ಚಬೇಡಿ. ಕೆಲವು ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸಿನ ಎಣ್ಣೆಯೇ ಹೈಡ್ರಾಲಿಕ್ ಪಂಪಿಗೂ ಹೋಗುತ್ತದೆ. ಅಂಥವುಗಳಲ್ಲಿ ಉಳಿದ ಲೋಹದ ಚೂರು ಪಂಪನ್ನೂ ಕೆಡಿಸುತ್ತದೆ.

ಗೇರು ಮತ್ತು ಶಾಫ್ಟು

ಭಾಗಗಳನ್ನು ಡೀಸೆಲ್ಲಿನಲ್ಲಿ ತೊಳೆದು ಒರೆಸಿ. ಪೆಟ್ರೋಲ್ ಬೇಡ, ಬೆಂಕಿಯ ಅಪಾಯವುಂಟು. ತೊಳೆದ ನಂತರ ಪ್ರತಿಯೊಂದು ಹಲ್ಲನ್ನೂ ಬೆಳಕಿಗೆ ಹಿಡಿದು ನೋಡಿ. ಹಲ್ಲಿನ ತುದಿ ಮಾತ್ರ ಜಜ್ಜಿದ್ದರೆ ಕ್ಲಚ್ ಪೂರ್ತಿ ಬಿಡಿಸಿಕೊಳ್ಳದೆ ಗೇರು ಬಿದ್ದಿದೆ. ತಪ್ಪು ಕ್ಲಚ್ಚಿನಲ್ಲಿ ಅಥವಾ ಓಡಿಸುವ ರೀತಿಯಲ್ಲಿದೆ. ಹಲ್ಲಿನ ಮೈಯಲ್ಲಿ ಸಣ್ಣ ಗುಳಿಗಳು ಎದ್ದಿದ್ದರೆ ಗೇರಿನ ಆಯುಷ್ಯ ಮುಗಿಯುತ್ತಿದೆ. ಒಂದೇ ಅಂಚು ಸವೆದಿದ್ದರೆ ಶಾಫ್ಟು ನೇರವಾಗಿಲ್ಲ ಅಥವಾ ಬೇರಿಂಗು ಸಡಿಲವಾಗಿದೆ. ನೀಲಿ ಬಣ್ಣ ಕಂಡರೆ ಎಣ್ಣೆ ಸಾಲದೆ ಕಾದಿದೆ.

ಒಂದಕ್ಕೊಂದು ಕಚ್ಚುವ ಎರಡು ಗೇರುಗಳನ್ನು ಸಾಧ್ಯವಾದಷ್ಟು ಜೊತೆಯಾಗಿಯೇ ಬದಲಿಸಬೇಕು. ಸವೆದ ಹಲ್ಲಿನೊಡನೆ ಹೊಸ ಹಲ್ಲು ಸರಿಯಾಗಿ ಕೂರುವುದಿಲ್ಲ. ಸದ್ದು ಬರುತ್ತದೆ, ಬೇಗ ಹಾಳಾಗುತ್ತದೆ. ಮುರಿದ ಹಲ್ಲಿಗೆ ವೆಲ್ಡಿಂಗ್ ಮಾಡಿಸಬಾರದು. ಶಾಫ್ಟಿನ ಮೇಲೆ ಗೇರು ಜಾರುವ ಗೀರುಗಳಲ್ಲಿ ಮೆಟ್ಟಿಲಿನಂತೆ ಸವೆತವಿದೆಯೇ ಎಂದು ಉಗುರಿನಿಂದ ಮುಟ್ಟಿ ನೋಡಿ.

ಬೇರಿಂಗು

ತೊಳೆದ ಬೇರಿಂಗನ್ನು ಗಾಳಿ ಊದಿ ಗಿರ್ರನೆ ತಿರುಗಿಸಬಾರದು. ಎರಡು ಹನಿ ಎಣ್ಣೆ ಬಿಟ್ಟು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ತಡೆತಡೆದು ತಿರುಗಿದರೆ, ಗರಗರ ಎಂದರೆ, ಓಟದ ಪಟ್ಟಿಯಲ್ಲಿ ಗುಳಿ ಕಂಡರೆ ಅದನ್ನು ತೆಗೆದುಹಾಕಿ. ಬೇರಿಂಗಿನ ಮೈಮೇಲಿನ ಸಂಖ್ಯೆಯನ್ನು ಬರೆದುಕೊಂಡು ಅಂಗಡಿಗೆ ಹೋಗಿ. ಉದಾಹರಣೆಗೆ, 6206 ಎಂದಿದ್ದರೆ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದಾಗ ಒಳರಂಧ್ರ 30 ಮಿ.ಮೀ. ಎಂದು ತಿಳಿಯುತ್ತದೆ, ಅದರ ಹೊರವ್ಯಾಸ 62, ಅಗಲ 16 ಮಿ.ಮೀ. ಶಾಫ್ಟಿಗೆ ಕೂರಿಸುವಾಗ ಒಳಬಳೆಯ ಮೇಲೆ ಮಾತ್ರ ಒತ್ತಬೇಕು. ಹೊರಬಳೆಗೆ ಹೊಡೆದರೆ ಪೆಟ್ಟು ಗುಂಡುಗಳ ಮೇಲೆ ಬಿದ್ದು ಹೊಸ ಬೇರಿಂಗೇ ಕೆಡುತ್ತದೆ. ಜೊತೆಯಲ್ಲಿ ಬಂದ ತೆಳು ತಗಡುಗಳನ್ನು, ಅಂದರೆ ಶಿಮ್‌ಗಳನ್ನು, ತೆಗೆದ ಕ್ರಮದಲ್ಲೇ ದಾರಕ್ಕೆ ಪೋಣಿಸಿಡಿ.

ಗೇರು ತಾನಾಗಿ ಜಾರುವುದು

ಓಡುತ್ತಿರುವಾಗ ಗೇರು ತಾನಾಗಿ ನ್ಯೂಟ್ರಲ್ಲಿಗೆ ಬೀಳುವುದು ಎಲ್ಲಕ್ಕಿಂತ ಅಪಾಯಕಾರಿ ದೋಷ. ತುಂಬಿದ ಟ್ರೈಲರಿನೊಡನೆ ಇಳಿಜಾರಿನಲ್ಲಿ ಹೀಗಾದರೆ ಎಂಜಿನ್ನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಗೇರು ಕಡ್ಡಿಯನ್ನು ಕೈಯಲ್ಲಿ ಒತ್ತಿಹಿಡಿದು ಅಥವಾ ಹಗ್ಗ ಕಟ್ಟಿ ಓಡಿಸುವುದು ಖಂಡಿತ ಕೂಡದು.

ಇದಕ್ಕೆ ಕಾರಣಗಳು ಹಲವು: ಗೇರನ್ನು ಸರಿಸುವ ಫೋರ್ಕು ಸವೆದಿರಬಹುದು ಅಥವಾ ಬಾಗಿರಬಹುದು, ಫೋರ್ಕಿನ ಸರಳನ್ನು ಹಿಡಿದಿಡುವ ಗುಂಡಿನ ಸ್ಪ್ರಿಂಗು ಬಲ ಕಳೆದುಕೊಂಡಿರಬಹುದು, ಸರಳಿನ ಕಚ್ಚು ಸವೆದಿರಬಹುದು, ಹಲ್ಲುಗಳು ಓರೆಯಾಗಿ ಸವೆದಿರಬಹುದು. ಸ್ಪ್ರಿಂಗೊಂದನ್ನೇ ಬದಲಿಸಿ ಮುಚ್ಚಿಬಿಡದೆ ಈ ನಾಲ್ಕನ್ನೂ ನೋಡಬೇಕು. ಸರಳುಗಳ ನಡುವೆ ಇರುವ ಇಂಟರ್‌ಲಾಕ್ ಪಿನ್ನು ಚಿಕ್ಕದಾದ್ದರಿಂದ ಕಳೆದುಹೋಗುವುದುಂಟು. ಅದಿಲ್ಲದಿದ್ದರೆ ಎರಡು ಗೇರು ಒಟ್ಟಿಗೆ ಬಿದ್ದು ಪೆಟ್ಟಿಗೆಯೇ ಒಡೆಯಬಹುದು.

ಬಿಡಿಭಾಗ ಕೊಳ್ಳುವಾಗ

ಜಾಲಹಳ್ಳಿಯಲ್ಲಿ ಮೊದಲ ಕಾರ್ಖಾನೆ ತೆರೆದ ಎಚ್.ಎಂ.ಟಿ. ಸಂಸ್ಥೆಯು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಝೆಟರ್ ಸಹಯೋಗದೊಂದಿಗೆ, ಟ್ರ್ಯಾಕ್ಟರ್ ತಯಾರಿಕೆ ಆರಂಭಿಸಿತು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಇಂಥ ಯಂತ್ರಗಳಿಗೆ ಬೇರೆಯವರು ಮಾಡಿದ ಭಾಗಗಳನ್ನೋ ಹಳೆಯ ಗಾಡಿಯಿಂದ ಬಿಚ್ಚಿದ್ದನ್ನೋ ಹುಡುಕಬೇಕಾಗುತ್ತದೆ. ಹಳೆಯ ಭಾಗವನ್ನು ಜೊತೆಯಲ್ಲಿ ಒಯ್ಯಿರಿ. ಹಲ್ಲುಗಳನ್ನು ಎಣಿಸಿ, ಅಗಲ, ವ್ಯಾಸ ಅಳೆದು ಸರಿಹೋಲಿದರೆ ಮಾತ್ರ ಕೊಳ್ಳಿರಿ.

ಜೋಡಿಸುವ ಮುನ್ನ ಕೊನೆಯ ಪರೀಕ್ಷೆ

ಆಯಿಲ್ ಸೀಲುಗಳನ್ನು ಹೊಸದಾಗಿಯೇ ಹಾಕಿ. ಅದರ ತುಟಿ ಎಣ್ಣೆಯ ಕಡೆಗಿರಬೇಕು. ಮುಂದಿನ ಸೀಲು ಸೋರಿದರೆ ಎಣ್ಣೆ ಕ್ಲಚ್ ಪ್ಲೇಟಿಗೆ ಇಳಿಯುತ್ತದೆ. ಕ್ಲಚ್ ಪ್ಲೇಟನ್ನೂ ಅದನ್ನು ಒತ್ತುವ ಬೇರಿಂಗನ್ನೂ ಈಗಲೇ ಪರೀಕ್ಷಿಸಿ. ಗ್ರೀಸು ತುಂಬಿ ಮುಚ್ಚಿದ ಆ ಬೇರಿಂಗನ್ನು ಡೀಸೆಲ್ಲಿನಲ್ಲಿ ಅದ್ದಬಾರದು.

ಪೆಟ್ಟಿಗೆ ಇನ್ನೂ ನೆಲದ ಮೇಲಿರುವಾಗಲೇ ಒಂದೊಂದಾಗಿ ಎಲ್ಲ ಗೇರುಗಳನ್ನೂ ಹಾಕಿ, ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲಿಯೂ ಬಿಗಿಯಾಗಬಾರದು. ನ್ಯೂಟ್ರಲ್ಲಿನಲ್ಲಿ ಹಿಂದಿನ ಶಾಫ್ಟು ನಿಂತಿರಬೇಕು. ಜೋಡಿಸುವಾಗ ಎರಡು ಮೈಗಳ ನಡುವೆ ಸಂದು ಉಳಿದರೆ ಬೋಲ್ಟು ಬಿಗಿದು ಎಳೆಯಬೇಡಿ; ಫ್ಲೈವೀಲನ್ನು ಸ್ವಲ್ಪ ತಿರುಗಿಸಿದರೆ ಗೀರುಗಳು ತಾವಾಗಿ ಸೇರುತ್ತವೆ. ಗೇರ್ ಬಾಕ್ಸಿನ ಭಾರ ಕ್ಲಚ್ ಪ್ಲೇಟಿನ ಮೇಲೆ ತೂಗದಂತೆ ಆಸರೆ ಇರಲಿ.

ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ, ಗುರುತಿನ ಮಟ್ಟದವರೆಗೆ ತುಂಬಿ. ಮೊದಲ ಒಂದು ಗಂಟೆ ಭಾರವಿಲ್ಲದೆ ಓಡಿಸಿ, ಸೋರಿಕೆ, ಸದ್ದು, ಬಿಸಿ ಗಮನಿಸಿ. ಸುಮಾರು 50 ಗಂಟೆ ಕೆಲಸವಾದ ಮೇಲೆ ಎಣ್ಣೆ ಇಳಿಸಿ ಮತ್ತೆ ತಳ ನೋಡಿ. ಚೂರುಗಳಿಲ್ಲದಿದ್ದರೆ ರಿಪೇರಿ ಸರಿಯಾಗಿದೆ.

ಮುಂದೆ ಗೇರು ಬದಲಿಸುವಾಗ ಕ್ಲಚ್ಚನ್ನು ಪೂರ್ತಿ ಒತ್ತಿ. ಹಳೆಯ ಮಾದರಿಯಲ್ಲಿ ಗಾಡಿ ನಿಂತ ಮೇಲೆಯೇ ಬದಲಿಸಿ. ಈ ಪರೀಕ್ಷೆಗಳನ್ನೆಲ್ಲ ಬೇಸಿಗೆಯಲ್ಲೇ ಮುಗಿಸಿಕೊಂಡ ರೈತನಿಗೆ ಮುಂಗಾರಿನ ಹದ ಕೈತಪ್ಪುವ ಚಿಂತೆಯಿರುವುದಿಲ್ಲ.