ಮನೆ ಕಟ್ಟುವ ಸಂಘಕ್ಕೆ ಏಳು ಜನ ಬೇಕು



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮದುವೆಯ ಸಾಲವನ್ನು ಹೇಗೋ ಐದಾರು ವರ್ಷಗಳಲ್ಲಿ ತೀರಿಸಬಹುದು. ಆದರೆ ಸ್ವಂತ ಸೂರಿಲ್ಲದ ಕುಟುಂಬ ತಿಂಗಳು ತಿಂಗಳೂ ಬಾಡಿಗೆ ಕಟ್ಟುತ್ತಲೇ ಒಂದು ಜೀವಮಾನ ಕಳೆಯುತ್ತದೆ. ಕಾಫಿ ತೋಟದ ಲೈನ್ ಮನೆಯಲ್ಲಿ ಮೂವತ್ತು ವರ್ಷ ಬಾಳಿದವರಿಗೆ ಕೆಲಸ ನಿಂತ ದಿನ ಆ ಮನೆಯೂ ಕೈಬಿಡುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೆ ವಸತಿ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು, ನಿಜ. ಆದರೆ ಅದು ಕೆಲಸಕ್ಕೆ ಅಂಟಿಕೊಂಡ ವಸತಿ, ಸ್ವಂತ ಮನೆಯಲ್ಲ. ಅಂಥವರಲ್ಲಿ ಎಷ್ಟೋ ಮಂದಿ ವಯಸ್ಸಾದ ಮೇಲೆ ಬಯಲು ಸೀಮೆಯ ಊರುಗಳಲ್ಲಿ ಬಾಡಿಗೆ ಕೋಣೆ ಹುಡುಕುವಂತಾಗುತ್ತದೆ.

ಹಾಗಾದರೆ ನಾವೇ ಹತ್ತು ಜನ ಸೇರಿ ಬಡ ಕುಟುಂಬಗಳಿಗೆ ಮನೆ ಕಟ್ಟಿಕೊಡುವ ಒಂದು ಸಂಘವನ್ನು ಮಾಡಬಾರದೇಕೆ? ಖಂಡಿತ ಮಾಡಬಹುದು. ಇಟ್ಟಿಗೆ, ಸಿಮೆಂಟು, ದಾನಿಗಳು ಇವೆಲ್ಲ ಆಮೇಲಿನ ಮಾತು. ಸಂಘವನ್ನು ನಡೆಸುವ ಆಡಳಿತ ಮಂಡಳಿ ಹೇಗಿರಬೇಕು, ಸಂಬಳವಿಲ್ಲದೆ ದುಡಿಯುವ ಆ ಸದಸ್ಯರು ನಿಜವಾಗಿ ಮಾಡಬೇಕಾದ್ದೇನು ಎಂಬುದನ್ನು ಮೊದಲು ತಿಳಿದುಕೊಳ್ಳೋಣ.

ಸಹಕಾರ ನಮಗೆ ಹೊಸದಲ್ಲ

ಈ ವಿಷಯದಲ್ಲಿ ಕನ್ನಡ ನಾಡಿಗೆ ಹಳೆಯ ಅನುಭವವಿದೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ನಾಲ್ಕೇ ವರ್ಷಗಳ ನಂತರ, 1909ರಲ್ಲಿ, ಮನೆ ಕಟ್ಟುವವರಿಗಾಗಿಯೇ ಬೆಂಗಳೂರಿನಲ್ಲಿ ಒಂದು ಸಹಕಾರ ಸಂಘ ಹುಟ್ಟಿತು. ದೇಶದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಅದನ್ನು ಗುರುತಿಸುತ್ತಾರೆ.

ಇಲ್ಲಿ ಎರಡು ಬಗೆಯ ಸಂಘಗಳಿವೆ ಎಂಬುದನ್ನು ಗಮನಿಸಬೇಕು. ಒಂದು, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ನಡೆಯುವ ಗೃಹನಿರ್ಮಾಣ ಸಹಕಾರ ಸಂಘ. ಅಲ್ಲಿ ಷೇರು ಹಾಕಿದ ಸದಸ್ಯರೇ ನಿವೇಶನ ಪಡೆಯುವವರು. ಒಬ್ಬರಿಗೆ ಒಂದೇ ಮತ. ಇನ್ನೊಂದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ನೋಂದಾಯಿಸಿದ ಸೇವಾ ಸಂಘ. ಅಲ್ಲಿ ನಡೆಸುವವರಿಗೆ ಲಾಭವಿಲ್ಲ. ಅವರು ಬೇರೆಯವರ ಮನೆಗಾಗಿ ದುಡಿಯುತ್ತಾರೆ. ನಾವು ಮಾತನಾಡುತ್ತಿರುವುದು ಈ ಎರಡನೆಯದರ ಬಗ್ಗೆ. ಇದನ್ನು ನೋಂದಾಯಿಸಲು ಕನಿಷ್ಠ ಏಳು ಜನ ಬೇಕು.

ಏಳು ಎಂದ ಕೂಡಲೇ ನಮಗೆ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ನೆನಪಾಗಬೇಕು. ದಿನದ ಊಟ ಹಂಚುವಾಗ ಗ್ರೀಕ್ ಮಾತನಾಡುವ ವಿಧವೆಯರನ್ನು ಅಲಕ್ಷ್ಯ ಮಾಡಲಾಗುತ್ತಿದೆ ಎಂಬ ದೂರು ಬಂತು. ಪ್ರೇಷಿತರು ದೂರು ಹೇಳಿದವರನ್ನು ಗದರಿಸಲಿಲ್ಲ, ತಾವೇ ಎಲ್ಲವನ್ನೂ ಹಂಚುತ್ತೇವೆ ಎಂದೂ ಹೇಳಲಿಲ್ಲ. ಒಳ್ಳೆಯ ಹೆಸರಿರುವ, ವಿವೇಕವುಳ್ಳ ಏಳು ಮಂದಿಯನ್ನು ಆರಿಸಿರೆಂದು ಜನರನ್ನೇ ಕೇಳಿಕೊಂಡರು. ಹಾಗೆ ಆಯ್ಕೆಯಾದ ಏಳೂ ಮಂದಿಯ ಹೆಸರು ಗ್ರೀಕ್ ಹೆಸರುಗಳೇ! ಅಂದರೆ ಯಾರ ಕಡೆಯಿಂದ ದೂರು ಬಂದಿತ್ತೋ ಅವರ ಕಡೆಯವರಿಗೇ ಹೊಣೆ ಕೊಟ್ಟರು. ಮಂಡಳಿಯನ್ನು ರಚಿಸುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ? ಮನೆಯುಳ್ಳ ಏಳು ಜನ ಗಣ್ಯರು ಕುಳಿತು ಮನೆಯಿಲ್ಲದವರ ಬಗ್ಗೆ ತೀರ್ಮಾನಿಸುವುದು ಸಾಲದು. ಒಬ್ಬ ನಿವೃತ್ತ ಶಿಕ್ಷಕರು, ಲೆಕ್ಕ ಬಲ್ಲ ಒಬ್ಬರು, ಗೋಡೆಯ ಓರೆಕೋರೆ ಕಣ್ಣಳತೆಯಲ್ಲೇ ಹೇಳಬಲ್ಲ ಒಬ್ಬ ಗಾರೆ ಮೇಸ್ತ್ರಿ, ಸ್ವಸಹಾಯ ಸಂಘ ನಡೆಸಿದ ಅನುಭವವಿರುವ ಹೆಣ್ಣುಮಕ್ಕಳು, ಇಂದಿಗೂ ಬಾಡಿಗೆ ಮನೆಯಲ್ಲಿರುವ ಒಬ್ಬರು: ಇವರೆಲ್ಲ ಆ ಮಂಡಳಿಯಲ್ಲಿರಬೇಕು.

ಸುತ್ತುನಿಧಿ ಎಂದರೇನು?

ಇಂಥ ಸಂಘಗಳಲ್ಲಿ ಜಗತ್ತಿಗೆಲ್ಲ ಪರಿಚಿತವಾದದ್ದು ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ. ಅಮೆರಿಕದ ಜಾರ್ಜಿಯಾ ರಾಜ್ಯದ ಕೊಯಿನೋನಿಯಾ ಎಂಬ ಕೃಷಿ ಸಮುದಾಯದಲ್ಲಿ ಕ್ಲಾರೆನ್ಸ್ ಜೋರ್ಡಾನ್ ಎಂಬುವರು 1968ರ ಸುಮಾರಿಗೆ ಈ ವಿಚಾರಕ್ಕೆ ರೂಪ ಕೊಟ್ಟರು. ವಕೀಲರಾಗಿದ್ದ ಮಿಲ್ಲಾರ್ಡ್ ಫುಲ್ಲರ್ ಮತ್ತು ಅವರ ಪತ್ನಿ ಲಿಂಡಾ 1976ರಲ್ಲಿ ಅದನ್ನು ಸಂಸ್ಥೆಯಾಗಿ ಬೆಳೆಸಿದರು. 1983ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂನಲ್ಲಿ ಅದರ ಭಾರತದ ಕೆಲಸ ಶುರುವಾಯಿತು. 2006ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮಹಾರಾಷ್ಟ್ರದ ಲೋನಾವಳ ಬಳಿ ಸ್ವಯಂಸೇವಕರ ಜೊತೆ ತಾವೂ ಕೈ ಕೊಳೆ ಮಾಡಿಕೊಂಡು ಮನೆ ಕಟ್ಟಿದರು.

ಇವರ ಕ್ರಮ ಸರಳವಾದುದು. ಮನೆಯನ್ನು ಪುಕ್ಕಟೆಯಾಗಿ ಕೊಡುವುದಿಲ್ಲ. ಲಾಭವಿಲ್ಲದ ಬೆಲೆಗೆ ಕಟ್ಟಿಕೊಟ್ಟು, ಕುಟುಂಬಕ್ಕೆ ಎಟುಕುವ ಸಣ್ಣ ಕಂತುಗಳಲ್ಲಿ ಹಣ ಹಿಂದಿರುಗಿಸಿಕೊಳ್ಳುತ್ತಾರೆ. ಕುಟುಂಬದವರು ತಮ್ಮ ಮೈ ದುಡಿಮೆಯನ್ನೂ ಸೇರಿಸುತ್ತಾರೆ. ಇದನ್ನು ಬೆವರಿನ ಪಾಲು ಎನ್ನಬಹುದು. ಹಿಂದಿರುಗಿದ ಹಣ ಮುಂದಿನ ಕುಟುಂಬದ ಮನೆಗೆ ಹೋಗುತ್ತದೆ. ಇದೇ ಸುತ್ತುನಿಧಿ.

ಒಂದು ಲೆಕ್ಕ ಹಾಕಿ ನೋಡೋಣ. ಸಂಘದ ಬಳಿ 6 ಲಕ್ಷ ರೂಪಾಯಿ ಇದೆ ಎಂದುಕೊಳ್ಳಿ. ಮೂರು ಕುಟುಂಬಗಳಿಗೆ ತಲಾ 2 ಲಕ್ಷ ಬಡ್ಡಿಯಿಲ್ಲದ ಸಾಲ ಕೊಟ್ಟಿದೆ. ಒಂದೊಂದು ಕುಟುಂಬ ತಿಂಗಳಿಗೆ 2,000 ರೂಪಾಯಿ ಕಟ್ಟಿದರೆ ತಿಂಗಳಿಗೆ 6,000 ರೂಪಾಯಿ ಬರುತ್ತದೆ. 34 ತಿಂಗಳಲ್ಲಿ 2 ಲಕ್ಷ ಕೂಡುತ್ತದೆ. ನಾಲ್ಕನೆಯ ಕುಟುಂಬಕ್ಕೆ ಮನೆ ಸಿಗುತ್ತದೆ. ಈಗ ಮೂವರಲ್ಲಿ ಒಬ್ಬರು ಕಂತು ನಿಲ್ಲಿಸಿದರೆನ್ನಿ. ಬರುವುದು 4,000 ಮಾತ್ರ. ಅದೇ 2 ಲಕ್ಷ ಕೂಡಲು 50 ತಿಂಗಳು ಬೇಕು. ಒಬ್ಬರು ಕಟ್ಟದೆ ಹೋದದ್ದರಿಂದ ನಾಲ್ಕನೆಯ ಕುಟುಂಬ ಇನ್ನೂ 16 ತಿಂಗಳು ಬಾಡಿಗೆ ತೆರಬೇಕು, ಇನ್ನೆರಡು ಮಳೆಗಾಲ ಸೋರುವ ಹೆಂಚಿನ ಕೆಳಗೆ ಕಳೆಯಬೇಕಾಗಬಹುದು.

ಆಡಳಿತ ಮಂಡಳಿಯ ನಿಜವಾದ ಕಷ್ಟ ಇಲ್ಲಿದೆ. ಕಂತು ತಪ್ಪಿಸಿದವರು ನಮ್ಮ ಪಕ್ಕದ ಮನೆಯವರು. ಅವರ ಮುಖ ನಮಗೆ ಗೊತ್ತು, ಕಷ್ಟವೂ ಗೊತ್ತು. ನಾಲ್ಕನೆಯ ಕುಟುಂಬ ಯಾವುದೆಂದು ಇನ್ನೂ ತೀರ್ಮಾನವೇ ಆಗಿಲ್ಲ. ಅವರ ಮುಖ ಸಭೆಯಲ್ಲಿ ಕಾಣುವುದಿಲ್ಲ. ಕಾಣುವವರ ಮೇಲೆ ಕರುಣೆ ತೋರುವುದು ಸುಲಭ. ಕಾಣದ ಆ ಕುಟುಂಬದ ಪರವಾಗಿಯೂ ಮಾತನಾಡುವವರು ಮಂಡಳಿಯಲ್ಲಿರಬೇಕು. ಕಾಯಿಲೆ, ಸಾವು, ಬರಗಾಲ ಬಂದಾಗ ಕಂತನ್ನು ಎಷ್ಟು ತಿಂಗಳು ಮುಂದಕ್ಕೆ ಹಾಕಬಹುದು ಎಂಬ ನಿಯಮವನ್ನು ಮೊದಲೇ ಬರೆದಿಡಬೇಕು. ಆಗ ಕರುಣೆಯೂ ಉಳಿಯುತ್ತದೆ, ನ್ಯಾಯವೂ ಉಳಿಯುತ್ತದೆ.

ಮಂಡಳಿಯ ನಾಲ್ಕು ಕೆಲಸಗಳು

ಮೊದಲನೆಯದು, ಕುಟುಂಬಗಳ ಆಯ್ಕೆ. ಅಗತ್ಯ ಎಷ್ಟಿದೆ, ಕಂತು ಕಟ್ಟುವ ಶಕ್ತಿ ಇದೆಯೇ, ದುಡಿಮೆಯಲ್ಲಿ ಕೈಜೋಡಿಸುವ ಮನಸ್ಸಿದೆಯೇ ಎಂಬ ಮೂರನ್ನೂ ನೋಡಬೇಕು. ಕಾಗದ ನೋಡಿದರೆ ಸಾಲದು, ಮನೆಗೆ ಹೋಗಬೇಕು. ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಒಜಾನಂ ತಮ್ಮ ಗೆಳೆಯರೊಡನೆ ಆ ಸಭೆಯನ್ನು ಆರಂಭಿಸಿದಾಗಿನಿಂದ ಬಡವರ ಮನೆ ಭೇಟಿಯೇ ಅದರ ಉಸಿರು. ಅರ್ಜಿದಾರರು ಮಂಡಳಿಯ ಸದಸ್ಯರ ನೆಂಟರಾಗಿದ್ದರೆ ಆ ಸದಸ್ಯರು ಆ ಚರ್ಚೆಯಿಂದ ಎದ್ದು ಹೊರಗೆ ಹೋಗಬೇಕು. ಹೋದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕು.

ಎರಡನೆಯದು, ಹಣದ ಲೆಕ್ಕ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಪ್ರತಿ ರೂಪಾಯಿಗೂ ರಸೀದಿ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ. ನಮ್ಮವರ ಮೇಲೆ ನಂಬಿಕೆ ಇಲ್ಲವೇ ಎಂದು ಕೆಲವರು ನೊಂದುಕೊಳ್ಳುವುದುಂಟು. ಸಂತ ಪೌಲರು ಜೆರುಸಲೇಮಿನ ಬಡವರಿಗೆ ಹಣ ಕೂಡಿಸಿದಾಗ ಅದನ್ನು ಒಬ್ಬರೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸಬಾರದೆಂದು ಸಭೆಗಳೇ ಆರಿಸಿದವರನ್ನು ಜೊತೆಗೆ ಸೇರಿಸಿಕೊಂಡರು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ಇದನ್ನು ಓದಬಹುದು. ಪೌಲರಿಗೇ ಎರಡನೆಯ ಸಹಿ ಬೇಕೆನಿಸಿದ್ದರೆ ನಮಗೆ ಬೇಡವೇ?

ಮೂರನೆಯದು, ನಿವೇಶನದ ಕಾಗದ. ಪರರ ಹೆಸರಿನ ಜಾಗದಲ್ಲಿ ಕಟ್ಟಿದ ಮನೆ ಎಷ್ಟು ಚೆನ್ನಾಗಿದ್ದರೂ ಒಂದು ದಿನ ಕೈತಪ್ಪುತ್ತದೆ. ಹಕ್ಕುಪತ್ರ, ಪಂಚಾಯಿತಿಯ ಖಾತೆ, ಇ-ಸ್ವತ್ತು ದಾಖಲೆ ಇವನ್ನೆಲ್ಲ ಅಡಿಪಾಯಕ್ಕೆ ಮೊದಲೇ ನೋಡಬೇಕು. ಹೆಂಡತಿಯ ಹೆಸರೂ ದಾಖಲೆಯಲ್ಲಿರಲಿ. ಸರ್ಕಾರದ ನೆರವನ್ನೂ ಬಿಡಬಾರದು. 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ನಮ್ಮ ರಾಜ್ಯದ ವಸತಿ ಯೋಜನೆಗಳು ನಡೆಯುತ್ತವೆ. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆ 2016ರಲ್ಲಿ ಆರಂಭವಾದಾಗ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ನಿಗದಿ ಮಾಡಿತ್ತು. ಇದರಲ್ಲಿ ಪೂರ್ತಿ ಮನೆ ಏಳುವುದಿಲ್ಲ. ಗೋಡೆ ಎದ್ದು ಸೂರು ನಿಂತುಹೋದ ಮನೆಗಳಿಗೆ ಉಳಿದ ಹಣವನ್ನು ಸಾಲವಾಗಿ ಕೊಡುವುದೇ ಸಣ್ಣ ಸಂಘವೊಂದಕ್ಕೆ ಒಳ್ಳೆಯ ಆರಂಭವಾದೀತು.

ನಾಲ್ಕನೆಯದು, ಕೆಲಸದ ಮೇಲ್ವಿಚಾರಣೆ. ಅಜ್ಜಂಪುರ ಕಡೆಯ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಕೆಂಪು ಮಣ್ಣಿನ ಲೆಕ್ಕದಲ್ಲಿ ಪಾಯ ತೆಗೆದರೆ ಗೋಡೆ ಸೀಳುತ್ತದೆ. ಕಡೂರಿನ ಒಣ ಪ್ರದೇಶದಲ್ಲಿ ಮಳೆನೀರು ಹಿಡಿಯುವ ತೊಟ್ಟಿಯೂ ಬೇಕಾದೀತು. ಮೂರು ಊರಿಗೆ ಒಂದೇ ನಕ್ಷೆ ಆಗದು. ಆದರೆ ಒಂದು ಮಾತು: ಮಂಡಳಿಯ ಸದಸ್ಯರೇ ಗುತ್ತಿಗೆದಾರರಾಗಬಾರದು. ಸಿಮೆಂಟು ಮಾರುವವರೂ ಬಿಲ್ಲು ಪಾಸು ಮಾಡುವವರೂ ಒಬ್ಬರೇ ಆದರೆ ಅಲ್ಲಿಗೆ ಸಂಘ ಮುಗಿದಂತೆ.

ಎಚ್ಚರ ತಪ್ಪಿದರೆ

ಬೆಂಗಳೂರಿನ ಗೃಹನಿರ್ಮಾಣ ಸಹಕಾರ ಸಂಘಗಳ ಕಥೆ ನಮಗೆ ಎಚ್ಚರಿಕೆಯ ಗಂಟೆ. 1980ರ ದಶಕದಲ್ಲಿ ಅನೇಕ ಸಂಘಗಳು ಮಧ್ಯವರ್ತಿಗಳ ಕೈಗೆ ಸಿಕ್ಕವು. ಅರ್ಹರಲ್ಲದವರೂ ಸದಸ್ಯರಾದರು. ಜಿ.ವಿ.ಕೆ. ರಾವ್ ಸಮಿತಿ ಇದನ್ನು ಪರಿಶೀಲಿಸಿ ವರದಿ ಕೊಟ್ಟಿತು. ಎಚ್‌ಎಂಟಿ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಮಧ್ಯವರ್ತಿಯ ಮೂಲಕ ನಡೆದ ಭೂಸ್ವಾಧೀನವನ್ನು 1995ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಂಥದ್ದು ನಡೆದಾಗ ಹೊಡೆತ ಬೀಳುವುದು ಮನೆಯ ಆಸೆಯಿಂದ ಹಣ ಕಟ್ಟಿ ಕಾದ ಸಾಮಾನ್ಯ ಸದಸ್ಯರಿಗೆ. ಮಂಡಳಿ ಎಂದರೆ ಅಧ್ಯಕ್ಷರು ತೋರಿಸಿದ ಕಡೆ ಸಹಿ ಹಾಕುವವರಲ್ಲ, ಪ್ರಶ್ನೆ ಕೇಳುವವರು.

ಸಂಸ್ಥೆಯನ್ನು ಕಟ್ಟಿದವರೂ ಈ ಪ್ರಶ್ನೆಗೆ ಹೊರತಲ್ಲ. 2005ರ ಜನವರಿಯಲ್ಲಿ ಹ್ಯಾಬಿಟಾಟ್ ಸಂಸ್ಥೆಯ ಆಡಳಿತ ಮಂಡಳಿಗೂ ಮಿಲ್ಲಾರ್ಡ್ ಫುಲ್ಲರ್ ಅವರಿಗೂ ಭಿನ್ನಾಭಿಪ್ರಾಯ ಬೆಳೆದು ಮಂಡಳಿ ಅವರನ್ನು ಹುದ್ದೆಯಿಂದ ಬಿಡಿಸಿತು. ಅನೇಕರಿಗೆ ನೋವಾಯಿತು. ಫುಲ್ಲರ್ ಬೇರೆ ಸಂಸ್ಥೆ ಕಟ್ಟಿ 2009ರಲ್ಲಿ ತೀರಿಕೊಳ್ಳುವ ತನಕ ಮನೆ ಕಟ್ಟುವ ಕೆಲಸವನ್ನು ಬಿಡಲಿಲ್ಲ. ಹ್ಯಾಬಿಟಾಟ್‌ನ ಕೆಲಸವೂ ನಿಲ್ಲಲಿಲ್ಲ. ಸಂಸ್ಥೆ ಒಬ್ಬರ ಆಸ್ತಿಯಲ್ಲ ಎಂಬುದಕ್ಕೆ ಇದೊಂದು ಕಹಿಯಾದ ಉದಾಹರಣೆ. ನಮ್ಮ ಸಣ್ಣ ಸಂಘಗಳಲ್ಲಿ ಇಂಥ ಮನಸ್ತಾಪ ಬಾರದಿರಬೇಕಾದರೆ ಅಧಿಕಾರದ ಅವಧಿಯನ್ನು ಮೊದಲೇ ಗೊತ್ತು ಮಾಡಬೇಕು. ಅವಧಿ ಮುಗಿದಾಗ ಪುಸ್ತಕ, ಬೀಗದ ಕೈ, ಚೆಕ್ ಪುಸ್ತಕ ಮೂರನ್ನೂ ನಗುನಗುತ್ತ ಮುಂದಿನವರಿಗೆ ಒಪ್ಪಿಸುವುದೇ ಸ್ವಯಂಸೇವಕರ ಕೊನೆಯ ಸೇವೆ.

ನಮ್ಮ ಮಗ್ಗುಲಲ್ಲೇ

ದೂರ ಹೋಗಬೇಕಾಗಿಲ್ಲ. ಭದ್ರಾ ಅಭಯಾರಣ್ಯದೊಳಗಿದ್ದ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2001-02ರಲ್ಲಿ ಕಾಡು ಬಿಟ್ಟು ಹೊರಬಂದವು. ಅವರಲ್ಲಿ ಬಹಳಷ್ಟು ಮಂದಿ ನೆಲೆ ನಿಂತದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ಅಲ್ಲಿ ಮನೆಯ ಜಾಗದ ಜೊತೆಗೆ ಸಾಗುವಳಿ ಭೂಮಿಯನ್ನೂ ಕೊಡಲಾಯಿತು. ಅಧಿಕಾರಿಗಳ ಜೊತೆ ಸ್ಥಳೀಯ ಸ್ವಯಂಸೇವಕರೂ ಜನರ ನಡುವೆ ಓಡಾಡಿದರು. ಬರೀ ನಾಲ್ಕು ಗೋಡೆ ಕೊಟ್ಟರೆ ಜನ ಉಳಿಯುವುದಿಲ್ಲ. ಕೂಲಿ, ನೀರು, ದಾರಿ, ಶಾಲೆ ಹತ್ತಿರವಿರಬೇಕು. ನಿವೇಶನ ನೋಡಲು ಹೋಗುವ ಮಂಡಳಿ ಜಾಗದ ಬೆಲೆಯ ಜೊತೆಗೆ ಇದನ್ನೂ ಕೇಳಬೇಕು.

ಪ್ರಿಯರೇ, ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುಸ್ವಾಮಿ ಲೂಕರ ಶುಭಸಂದೇಶದಲ್ಲಿ ನೆನಪಿಸುತ್ತಾರೆ. ನಿಂತು ಕಲ್ಲು ಹೊರುವವರು ಬೇಕು, ನಿಜ. ಕುಳಿತು ಲೆಕ್ಕ ಹಾಕುವವರೂ ಬೇಕು. ಅವರ ಫೋಟೋ ಗೃಹಪ್ರವೇಶದ ದಿನ ಯಾರೂ ತೆಗೆಯುವುದಿಲ್ಲ. ತಿಂಗಳಿಗೊಂದು ಸಂಜೆ, ಒಂದು ನಡಾವಳಿ ಪುಸ್ತಕ, ನೇರವಾಗಿ ಕೇಳುವ ಒಂದು ಪ್ರಶ್ನೆ, ಇಷ್ಟೇ ಅವರ ಬಂಡವಾಳ. ಕಡೂರು, ತರೀಕೆರೆ, ಅಜ್ಜಂಪುರದ ನಮ್ಮ ಕುಟುಂಬಗಳಲ್ಲಿ ಇಷ್ಟು ಬಂಡವಾಳ ಉಳ್ಳವರು ಏಳು ಜನ ಸಿಗಲಾರರೇ? ಈ ಹಬ್ಬದ ದಿನ ಬಲಿಪೂಜೆ ಮುಗಿದು ಅಂಗಳದಲ್ಲಿ ನಿಂತು ಮಾತನಾಡುವಾಗ ಇದನ್ನೂ ಒಮ್ಮೆ ಮಾತನಾಡಿ. ಮುಖ ಕಾಣದ ಆ ನಾಲ್ಕನೆಯ ಕುಟುಂಬ ಇನ್ನೂ ಕಾಯುತ್ತಿದೆ.