ಮಾತು ಹೋದ ಮೇಲಿನ ಮಾತು

ಅಲ್ಜೈಮರ್ಸ್‌ನ ಕೊನೆಯ ಹಂತದಲ್ಲಿ ಹಿರಿಯರ ಬಾಯಿ ಸುಮ್ಮನಾಗುತ್ತದೆ. ಆಮೇಲೆ ಹುಬ್ಬು, ಉಸಿರು, ಬೆರಳುಗಳೇ ಮಾತಾಡಬೇಕು. ಎರಡು ಭಾಷೆಗಳ ನಡುವೆ ಬದುಕುವ ಸೋಮಂದೇಪಲ್ಲಿಯಂಥ ಗಡಿ ಊರಿನ ಮನೆಗಳು ಈ ಮೂರನೆಯ ಭಾಷೆಯನ್ನು ಕಲಿಯುವುದು ಹೇಗೆ?

ಮಗ್ಗದ ಪಕ್ಕ ಗೋಡೆಗೊರಗಿ ಕೂತ ಅಜ್ಜಿಗೆ ಎಂಬತ್ತರ ಹತ್ತಿರ. ಮೊಮ್ಮಗಳು ಗಂಜಿಯ ಲೋಟ ಹಿಡಿದು "ಅವ್ವಾ" ಎಂದು ಕರೆಯುತ್ತಾಳೆ. ಈ ಸೀಮೆಯ ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ಆದರೆ ಅಜ್ಜಿಯ ಕಿವಿಗೆ ಅದು ಕನ್ನಡವಾಗಿ ಬೀಳುತ್ತದೆ. ಅರವತ್ತು ವರ್ಷದ ಹಿಂದೆ ಮಡಕಶಿರಾ ಕಡೆಯ ತವರಿನಲ್ಲಿ ಬಿಟ್ಟುಬಂದ ತಾಯಿಯನ್ನು ಹುಡುಕುತ್ತಾ ಬಾಗಿಲ ಕಡೆ ತಿರುಗಿ, "ಅವ್ವ ಬಂದ್ಲಾ?" ಎನ್ನುತ್ತಾಳೆ. ವರ್ಷ ಕಳೆಯುವುದರೊಳಗೆ ಆ ಎರಡು ಪದಗಳೂ ಉಳಿಯುವುದಿಲ್ಲ.

ಇದು ಯಾವುದೋ ಒಂದೇ ಮನೆಯ ಕಥೆಯಲ್ಲ, ಇಂಥ ಹಲವು ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದ ಚಿತ್ರ. ಹಿಂದೂಪುರ–ಪೆನುಕೊಂಡ ನಡುವಿನ ಸೋಮಂದೇಪಲ್ಲಿ ರೇಷ್ಮೆ ಸೀರೆ ನೇಯುವ ಊರು. 2022ರಲ್ಲಿ ಅನಂತಪುರದಿಂದ ಬೇರೆಯಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಲ್ಲಿ ಮಾತು ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿದರೆ ಯಾರೂ ತಿರುಗಿ ನೋಡುವುದಿಲ್ಲ.

ಗಾದೆಯೇ ಅಡ್ಡಿಯಾದಾಗ

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮಲ್ಲಿ ಎಷ್ಟು ಹಳೆಯದೋ, ಅಷ್ಟೇ ದುಬಾರಿ. ವಯಸ್ಸಾಯಿತು ಎಂದು ಸುಮ್ಮನಾದ ಮನೆಗೆ, ಮರೆವು ಕಾಯಿಲೆಯಾಗಿದ್ದು ಗೊತ್ತಾಗುವಾಗ ಹಿರಿಯರು ಹಾಸಿಗೆ ಹಿಡಿದಿರುತ್ತಾರೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಇದೆ. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಡಿಮೆನ್ಷಿಯಾದಲ್ಲಿ ಬಹುಪಾಲು ಅಲ್ಜೈಮರ್ಸ್‌ನದೇ.

ಹಳ್ಳಿಯ ಮಿದುಳನ್ನು ಹಳ್ಳಿಯಲ್ಲೇ ಅರಿಯುವ ಕೆಲಸ ಹತ್ತಿರದ ಕೋಲಾರ ಜಿಲ್ಲೆಯಲ್ಲೇ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಯೋಜನೆ ಹಾಕಿಕೊಂಡಿದೆ. ಅದೂ ತೆಲುಗು–ಕನ್ನಡ ಬೆರೆತ ಸೀಮೆಯೇ.

ಎರಡು ಭಾಷೆಯ ಬಾಳಿನಿಂದ ಲಾಭವೂ ಉಂಟು. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಕಂಡಿತ್ತು. ತಡವಾಗಿ ಬಂದರೂ ಬಂದ ರೋಗ ಬಿಡದು. ಕಲಿತ ಭಾಷೆ ಮೊದಲು ಕಳಚಿ, ತಾಯಿಯ ಮಡಿಲಲ್ಲಿ ಕೇಳಿದ್ದು ಕೊನೆಯವರೆಗೆ ಉಳಿಯುವುದುಂಟು. ಅಜ್ಜಿ ತೆಲುಗು ಮರೆತು ಕನ್ನಡಕ್ಕೆ ಮರಳಿದರೆ ಅದನ್ನು ಹಟವೆಂದು ತಿಳಿಯಬೇಡಿ. ಮೊಮ್ಮಕ್ಕಳು ನಾಲ್ಕು ಕನ್ನಡ ಮಾತು ಕಲಿತುಕೊಳ್ಳಲಿ.

ಮೊದಲ ರೋಗಿ ಹೇಳಿದ ಪಾಠ

ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ 1901ರಲ್ಲಿ 51 ವರ್ಷದ ಆಗುಸ್ಟೆ ಡೇಟರ್ ಎಂಬಾಕೆಯನ್ನು ಕರೆತಂದರು. ಗಂಡನ ಹೆಸರು ಕೇಳಿದರೂ ತನ್ನ ಹೆಸರನ್ನೇ ಹೇಳುತ್ತಿದ್ದಳು. ಆಕೆ 1906ರ ಏಪ್ರಿಲ್‌ನಲ್ಲಿ ತೀರಿಕೊಂಡ ಮೇಲೆ ವೈದ್ಯ ಅಲೋಯಿಸ್ ಅಲ್ಜೈಮರ್ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ನರಕೋಶಗಳ ನಡುವೆ ಕಲೆಗಳು, ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳು ಕಂಡವು. ಮಗ್ಗದವರ ಮಾತಿನಲ್ಲಿ ಹೇಳುವುದಾದರೆ ಹಾಸೂ ಕೆಟ್ಟಿತ್ತು, ಹೊಕ್ಕೂ ಗಂಟಾಗಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಅವನು ಅದನ್ನು ವೈದ್ಯರ ಸಭೆಯ ಮುಂದಿಟ್ಟ. 1910ರಲ್ಲಿ ಕಾಯಿಲೆಗೆ ಅವನ ಹೆಸರೇ ಬಂತು.

ಈ ಕಥೆಯನ್ನು ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆಗುಸ್ಟೆಯ ಜೀವ ತೆಗೆದದ್ದು ಹಾಸಿಗೆ ಹುಣ್ಣು ಕೀತು ರಕ್ತಕ್ಕೇರಿದ ನಂಜು. ಕೊನೆಯ ದಿನಗಳಲ್ಲಿ ಆಕೆ ಮಂಡಿ ಮಡಚಿ ಮುದುಡಿ ಮಲಗಿರುತ್ತಿದ್ದಳು.

ಕೊನೆಯ ಹಂತ ಎಂದು ತಿಳಿಯುವುದು ಹೇಗೆ?

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ಚಿತ್ರದಲ್ಲಿ ಅನಂತನಾಗ್ ಅವರ ವೆಂಕೋಬ ರಾವ್ ನಡೆದುಕೊಂಡು ಹೋಗಿ ಕಳೆದುಹೋಗುತ್ತಾರೆ. ಆ ನಡಿಗೆಯೂ ನಿಂತ ಮೇಲಿನ ಕಾಲ ಇದು. ಸಾಮಾನ್ಯವಾಗಿ ಕಾಣುವ ಗುರುತುಗಳು ಇವು:

ಮಾತು ಐದಾರು ಪದಗಳಿಗೆ ಇಳಿಯುತ್ತದೆ, ಆಮೇಲೆ ಅದೂ ಇಲ್ಲ. ಹೆತ್ತ ಮಕ್ಕಳ ಗುರುತೂ ಹತ್ತುವುದಿಲ್ಲ.

ಸ್ನಾನ, ಬಟ್ಟೆ, ಊಟ ಎಲ್ಲಕ್ಕೂ ಇನ್ನೊಬ್ಬರು ಬೇಕು. ಮಲಮೂತ್ರದ ಮೇಲೆ ಹಿಡಿತ ತಪ್ಪುತ್ತದೆ.

ಮೊದಲು ನಡಿಗೆ ಹೋಗುತ್ತದೆ, ಆಮೇಲೆ ಆಸರೆಯಿಲ್ಲದೆ ಕೂರುವುದು, ಕೊನೆಗೆ ಕತ್ತು ನೇರ ನಿಲ್ಲಿಸುವುದು. ಕೈಕಾಲು ಮಡಚಿ ಬಿಗಿಯುತ್ತವೆ.

ತುತ್ತು ಬಾಯಲ್ಲೇ ಉಳಿಯುತ್ತದೆ. ನೀರು ಕುಡಿದರೆ ಕೆಮ್ಮು. ತೂಕ ಇಳಿಯುತ್ತದೆ. ಎದೆಯ ಸೋಂಕು, ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತವೆ.

ಒಂದು ಎಚ್ಚರಿಕೆ ನೆನಪಿರಲಿ. ಅಲ್ಜೈಮರ್ಸ್ ವರ್ಷಗಳಲ್ಲಿ ಇಳಿಯುವ ಇಳಿಜಾರು, ಎರಡು ದಿನದಲ್ಲಿ ಬೀಳುವ ಪ್ರಪಾತವಲ್ಲ. ನಿನ್ನೆ ತಿಂದವರು ಇವತ್ತು ಬಾಯಿ ತೆರೆಯದಿದ್ದರೆ, ಸುಮ್ಮನಿದ್ದವರು ಏಕಾಏಕಿ ಕೂಗಾಡಿದರೆ ಅಥವಾ ಮಂಪರಿಗೆ ಜಾರಿದರೆ ಬೇರೆ ಕಾರಣವಿರುತ್ತದೆ: ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಎಲ್ಲೋ ಬಿದ್ದ ಪೆಟ್ಟು, ಹೊಸ ಮಾತ್ರೆ. ಇವಕ್ಕೆ ಚಿಕಿತ್ಸೆಯಿದೆ. ರೋಗ ಮುಂದುವರಿಯಿತು ಬಿಡಿ ಎಂದು ಕೈಚೆಲ್ಲದೆ ಅಂದೇ ವೈದ್ಯರಿಗೆ ತಿಳಿಸಿ.

ಮೈಯ ಭಾಷೆ

ನೋವಾದರೆ ನಾವು ಹೇಳುತ್ತೇವೆ, ಅವರಿಗೆ ಆಗದು. ಪರಿಣತ ದಾದಿಯರು ಐದು ಕಡೆ ನೋಡುತ್ತಾರೆ. ಉಸಿರು ಏರುಪೇರಾಗಿದೆಯೇ? ನರಳುವ ಸದ್ದಿದೆಯೇ? ಹುಬ್ಬು ಗಂಟಿಕ್ಕಿದೆಯೇ? ಮುಷ್ಟಿ ಬಿಗಿದಿದೆಯೇ, ಮಂಡಿ ಮೇಲಕ್ಕೆಳೆದುಕೊಂಡಿದ್ದಾರೆಯೇ? ಮೈದಡವಿದರೆ ಸಮಾಧಾನವಾಗುತ್ತಾರೆಯೇ? ಮಗ್ಗುಲು ಬದಲಿಸುವಾಗ ಮುಖ ಹಿಂಡಿದರೆ ಆ ಕಡೆ ಏನೋ ನೋವಿದೆ. ಸ್ನಾನಕ್ಕೆ ಕೈ ಎತ್ತಿ ಹೊಡೆದರೆ ಅದು ಸಿಟ್ಟಲ್ಲ. ನೀರು ತಣ್ಣಗಿರಬಹುದು, ಅಥವಾ ಹೇಳದೆ ಕೇಳದೆ ಸೆರಗು ಎಳೆದದ್ದಕ್ಕೆ ನಾಚಿಕೆಯಾಗಿರಬಹುದು.

ಕೈಗೆ ಮಾತ್ರ ಹಳೆಯ ಪಾಠ ಬೇಗ ಮರೆಯದು. ಜೀವನವೆಲ್ಲ ಲಾಳಿ ಹಿಡಿದ ಬೆರಳು ಸೀರೆಯ ಅಂಚನ್ನು ಸವರುತ್ತಾ ನೆಮ್ಮದಿ ಕಾಣಬಹುದು. ಒಂದು ತುಂಡು ರೇಷ್ಮೆ ಕೈಗೆ ಕೊಡಿ. ಗುರುತು ಸಿಕ್ಕಿತೇ ಎಂದು ಪರೀಕ್ಷೆ ಮಾಡಬೇಡಿ. "ನಾನು ಯಾರು ಹೇಳು" ಎನ್ನುವ ಬದಲು, ಎದುರಿಗೆ ಬಂದು ಕಣ್ಣಿಗೆ ಕಣ್ಣಿಟ್ಟು, "ನಿನ್ನ ಮಗಳು ಬಂದಿದ್ದೀನಿ ಕಣವ್ವ" ಎನ್ನಿ. ಹೆಸರು ಮರೆತರೂ ದನಿಯ ಮಮತೆ ಗೊತ್ತಾಗುತ್ತದೆ.

ಮುದ್ದೆಯ ಸೀಮೆಯಲ್ಲಿ ಊಟ

ರಾಗಿ ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ನುಂಗುವ ಶಕ್ತಿ ಕುಗ್ಗಿದವರಿಗೆ ಇದೇ ಗಂಡಾಂತರ, ತುತ್ತು ಗಂಟಲಿಗೆ ಸಿಕ್ಕಿಕೊಳ್ಳಬಹುದು. ರಾಗಿ ಬಿಡಬೇಕಿಲ್ಲ. ಗಂಟಿಲ್ಲದ ಗಟ್ಟಿ ಗಂಜಿ, ಮಸೆದ ಅನ್ನ–ಬೇಳೆ, ಹಿಸುಕಿದ ಬಾಳೆಹಣ್ಣು ಕೊಡಿ. ತೆಳು ನೀರಿಗೆ ಕೆಮ್ಮುತ್ತಿದ್ದರೆ ಎಷ್ಟು ಗಟ್ಟಿ ಮಾಡಬೇಕೆಂದು ವೈದ್ಯರನ್ನು ಕೇಳಿ. ನೆಟ್ಟಗೆ ಕೂರಿಸಿ, ಚಮಚದ ತುದಿಯಷ್ಟು ಕೊಟ್ಟು, ನುಂಗಿದ್ದನ್ನು ನೋಡಿಯೇ ಮುಂದಿನ ತುತ್ತು. ಮಲಗಿದವರ ಬಾಯಿಗೆ ಏನೂ ಹಾಕಬೇಡಿ. ಊಟವಾದ ಮೇಲೆ ಅರ್ಧ ಗಂಟೆ ಕೂತಿರಲಿ, ಬಾಯಿ ಒರೆಸಿ. ಮೂಗಿನಿಂದ ನಳಿಕೆ ಹಾಕಿದರೆ ಆಯುಸ್ಸು ಹೆಚ್ಚೀತೆಂದು ಅನೇಕರು ಕೇಳುತ್ತಾರೆ. ಈ ಹಂತದಲ್ಲಿ ಅದರಿಂದ ಅಂಥ ಲಾಭ ಕಂಡಿಲ್ಲ. ತಾಳ್ಮೆಯಿಂದ ಕೈಯಾರೆ ಉಣಿಸುವುದೇ ಲೇಸು ಎಂಬುದು ಜಗತ್ತಿನ ವೃದ್ಧಾಪ್ಯ ತಜ್ಞರ ಸಲಹೆ.

ಮಾತ್ರೆಗಳ ವಿಷಯದಲ್ಲೂ ಅಷ್ಟೇ. ಡೊನೆಪೆಜಿಲ್, ಮೆಮಂಟೈನ್ ಲಕ್ಷಣಗಳನ್ನು ಕೆಲಕಾಲ ಹತೋಟಿಯಲ್ಲಿಡಬಹುದು, ರೋಗ ವಾಸಿ ಮಾಡುವುದಿಲ್ಲ. ಕೂಗಾಟ ನಿಲ್ಲಿಸಲೆಂದು ಕೊಡುವ ಮಂಪರು ಬರಿಸುವ ಕೆಲವು ಮಾನಸಿಕ ಔಷಧಿಗಳಿಂದ ಪಾರ್ಶ್ವವಾಯು, ಸಾವಿನ ಅಪಾಯ ಹೆಚ್ಚುತ್ತದೆ. ಅಂಗಡಿಯಿಂದ ನೀವೇ ತಂದು ಹಾಕಬೇಡಿ.

ನೋಡಿಕೊಳ್ಳುವವರನ್ನು ನೋಡುವವರು ಯಾರು?

ಈ ಸೀಮೆಯ ಮನೆಗಳಲ್ಲಿ ಆರೈಕೆಯೆಂದರೆ ಸೊಸೆ ಅಥವಾ ಮಗಳು. ಹಗಲು ಮಗ್ಗ, ರಾತ್ರಿ ಅತ್ತೆಯ ಪಕ್ಕ ನಿದ್ದೆಯಿಲ್ಲದ ಜಾಗರಣೆ. ಅವಳಿಗೂ ಬೆನ್ನುನೋವು ಬರುತ್ತದೆ, ರೇಗುತ್ತಾಳೆ, ರೇಗಿದ್ದಕ್ಕೆ ಅಳುತ್ತಾಳೆ. ಮಗನೂ ಸರದಿಗೆ ಬರಲಿ. ದೂರದ ಊರಿನ ಮಕ್ಕಳು ಫೋನಿನಲ್ಲಿ ಸಲಹೆ ಹೇಳುವ ಬದಲು ತಿಂಗಳಿಗೆ ಎರಡು ದಿನ ಬಂದು ಹಾಸಿಗೆ ಪಕ್ಕ ಕೂರಲಿ.

ರೋಗ ಖಚಿತಪಡಿಸಿಕೊಳ್ಳಲು ಹಿಂದೂಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಶುರುಮಾಡಿ, ಅಗತ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ಹಾಸಿಗೆ ಹಿಡಿದವರನ್ನು ಪದೇ ಪದೇ ಬಸ್ಸು ಹತ್ತಿಸುವುದು ಬೇಡ. ಊರಿನ ಆಶಾ ಕಾರ್ಯಕರ್ತೆ, ಎಎನ್‌ಎಂ ಅವರಿಗೆ ವಿಷಯ ತಿಳಿಸಿಡಿ. ಹಿರಿಯರ ಸಹಾಯವಾಣಿ 14567. ಆರೈಕೆ ಮಾಡುವವರ ಮನಸ್ಸಿಗೆ ಭಾರವಾದರೆ ಟೆಲಿ ಮಾನಸ್ 14416. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ಆರೈಕೆಯಲ್ಲಿ ವರ್ಷಗಳ ಅನುಭವವಿರುವ ಸಂಸ್ಥೆ.

ಈ ರೋಗವನ್ನು ಹಿಂದಕ್ಕೆ ತಿರುಗಿಸುವ ಮದ್ದು 1906ರಲ್ಲಿ ಇರಲಿಲ್ಲ, ಇಂದೂ ಇಲ್ಲ. ಆದರೆ ಆಗುಸ್ಟೆಯ ಜೀವ ತೆಗೆದ ಹಾಸಿಗೆ ಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನು, ಸೊಂಟ, ಹಿಮ್ಮಡಿಗಳನ್ನು ದಿನವೂ ನೋಡಿ, ಒದ್ದೆ ಬಟ್ಟೆ ತೆಗೆಯಿರಿ. ಚರ್ಮ ಕೆಂಪಾಗಿ, ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದೇ ಹುಣ್ಣಿನ ಮೊದಲ ಮಾತು. ಅಜ್ಜಿ ಹೇಳಲಾರಳು. ನೀವೇ ಕೇಳಿಸಿಕೊಳ್ಳಿ.